ಮಾದಪ್ಪನ ಪದ ಯಾವ ಫೋಲ್ಡರಿನಲ್ಲಿ?

(ದತ್ತಿ ಉಪನ್ಯಾಸದ ಮುದ್ರಿತ ರೂಪ)

ಮಲೆ ಮಹದೇಶ್ವರನ ಮೇಲಿನ ‘ಸೋಜುಗಾದ ಸೂಜು ಮಲ್ಲಿಗೆ’ಯನ್ನು ಯೂಟ್ಯೂಬಿನಲ್ಲಿ ಹುಡುಕಿದರೆ ಹಾಡು ಒಂದೇ, ಹಣೆಪಟ್ಟಿ ಹತ್ತಾರು. ಮೇಲೆ ‘ಜಾನಪದ ಗೀತೆ’, ಅದರ ಪಕ್ಕ ‘ಭಕ್ತಿಗೀತೆ’. ಇನ್ನೂ ಕೆಳಗಿಳಿದರೆ ‘ಫೋಕ್ ಫ್ಯೂಷನ್’, ‘ಲೋಫೈ’, ‘ಸ್ಲೋಡ್ ಆ್ಯಂಡ್ ರಿವರ್ಬ್’, ‘ಡಿಜೆ ರಿಮಿಕ್ಸ್’, ‘ವಾಟ್ಸಾಪ್ ಸ್ಟೇಟಸ್’. ಹನೂರಿನಿಂದ ಕೌದಳ್ಳಿ ದಾಟಿ ತಾಳಬೆಟ್ಟದ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟ ಭಕ್ತರಿಗೆ ಈ ರಗಳೆಯೇ ಇಲ್ಲ. ಅವರಿಗೆ ಅದು ಮಾದಪ್ಪನ ಪದ, ಅಷ್ಟೆ.

ಆರ್ಕುಟ್, ಮೈಸ್ಪೇಸ್‌ಗಳ ಕಾಲದಿಂದ ಇಲ್ಲಿಯವರೆಗಿನ ಸುಮಾರು 20 ವರ್ಷಗಳಲ್ಲಿ ಸಂಗೀತ ಪ್ರಕಾರಗಳ ಹೆಸರು ಹೇಗೆ ಬದಲಾಯಿತು ಎನ್ನುವುದು ಲೋಕದಾದ್ಯಂತ ಚರ್ಚೆಯಲ್ಲಿರುವ ವಿಷಯ. ಅದನ್ನು ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಪದಗಳ ಕಡೆಯಿಂದ ನೋಡುವುದು ಈ ಉಪನ್ಯಾಸದ ಉದ್ದೇಶ. ಹಾಡುವವರು ಯಾರು ಎಂಬುದನ್ನು ಹೆಸರಿನಲ್ಲೇ ಸಾರುತ್ತಿದ್ದ ಹಾಡುಗಳು ಈ ಸೀಮೆಯವು. ಇವತ್ತಿನ ಹೆಸರುಗಳು ಸಾರುತ್ತಿರುವುದು ಕೇಳುವವನು ಏನು ಮಾಡುತ್ತಿದ್ದಾನೆ ಎಂಬುದನ್ನು. ನಡುವೆ ಏನಾಯಿತು ಎನ್ನುವುದೇ ಇಲ್ಲಿಯ ಪ್ರಶ್ನೆ.

ದೀಕ್ಷೆ, ವಾದ್ಯ, ಸಾಲು

ಕಂಸಾಳೆಯವನ ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ. ಬಲಗೈಯಲ್ಲಿ ದಾರ ಕಟ್ಟಿ ಕುಚ್ಚು ಇಳಿಬಿಟ್ಟ ಚಪ್ಪಟೆ ತಾಳ. ಕಥೆ ಹೇಳುವಾಗ ಕೂತೋ ನಿಂತೋ ಬಡಿಯುವ ಇದೇ ವಾದ್ಯ ಬೀಸು ಕಂಸಾಳೆಯಲ್ಲಿ ತಲೆಯ ಮೇಲೆ, ಬೆನ್ನ ಹಿಂದೆ, ಮಂಡಿಯ ಕೆಳಗೆ ಬೀಸಿಕೊಂಡು ಬಂದು ಸರಿಯಾಗಿ ಲಯಕ್ಕೆ ಬೀಳುತ್ತದೆ. ಹೊರಗಿನವರಿಗೆ ಇದು ಕುಣಿತ. ಒಳಗಿನವರಿಗೆ ದೇವರಗುಡ್ಡನ ವೃತ್ತಿ. ಗುರುವಿನಿಂದ ದೀಕ್ಷೆ ಪಡೆದು, ಮಾದಪ್ಪನ ಹೆಸರಿನಲ್ಲಿ ಕೋರಣ್ಯಕ್ಕೆ, ಅಂದರೆ ಭಿಕ್ಷೆಗೆ, ಹೋಗುವ ವ್ರತ ಹೊತ್ತವನು ಹಾಡುವ ಪದ ಅದು. ‘ಕಂಸಾಳೆ ಪದ’ ಎಂದರೆ ವಾದ್ಯ ಯಾವುದು, ಹಾಡುವವನು ಯಾರು, ಯಾರ ಸಲುವಾಗಿ ಎಂಬ ಮೂರೂ ಗೊತ್ತಾಗುತ್ತಿತ್ತು.

ಈ ಕಾವ್ಯದ ಒಳಗಿನ ವಿಂಗಡಣೆಗೂ ತನ್ನದೇ ಲೆಕ್ಕವಿದೆ. ಅದು ‘ಸಾಲು’ಗಳಲ್ಲಿ ನಡೆಯುತ್ತದೆ: ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು. ಕೇಳುವ ಮನೆಯವರು ಇಂಥ ಸಾಲು ಹಾಡಿ ಎಂದರೆ ಹಾಡುಗಾರರಿಗೆ ಕಥೆ ಯಾವುದು, ಇರುಳು ಎಷ್ಟು ಹೊತ್ತು ಸಾಗುತ್ತದೆ ಎಂಬ ಅಂದಾಜು ಸಿಕ್ಕಿಬಿಡುತ್ತದೆ.

ಮಂಟೇಸ್ವಾಮಿ ಪರಂಪರೆಯದು ಇನ್ನೊಂದು ಮನೆ. ಅಲ್ಲಿ ಹಾಡುವವರು ನೀಲಗಾರರು, ವಾದ್ಯ ತಂಬೂರಿ. ಪುಷ್ಯಮಾಸದ ಹುಣ್ಣಿಮೆಯ ಹೊತ್ತಿಗೆ ಐದು ದಿನ ನಡೆಯುವ ಚಿಕ್ಕಲ್ಲೂರು ಜಾತ್ರೆಯಲ್ಲಿ ಸಿದ್ಧಪ್ಪಾಜಿಯ ಒಕ್ಕಲು ಬಿಡಾರ ಹೂಡುತ್ತದೆ. ಹಲಗೂರಿನ ಪಾಂಚಾಳರಿಂದ ಕಬ್ಬಿಣ ಬೇಡಲು ಹೋದ ಸಿದ್ಧಪ್ಪಾಜಿಯ ಕಥೆ ನೀಲಗಾರರ ಬಾಯಲ್ಲಿ ಇಂದಿಗೂ ಬೆಳಗಿನ ಜಾವದವರೆಗೆ ಬೆಳೆಯುತ್ತದೆ. ದೇವರಗುಡ್ಡರೂ ನೀಲಗಾರರೂ ಒಂದೇ ಸೀಮೆಯವರು, ಊರುಗಳೂ ಬಹುಪಾಲು ಅವೇ. ಆದರೆ ಒಂದರ ಪದವನ್ನು ಇನ್ನೊಂದರದು ಎಂದು ಯಾರೂ ತಪ್ಪಿ ಕರೆಯುವುದಿಲ್ಲ.

ಯಳಂದೂರಿನ ಕಡೆಗೆ ಹೊರಳಿದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ‘ಗೊರುಕನ’. ಕುಸುಮಾಲೆ ಎಂಬ ತಮ್ಮ ಹೆಣ್ಣುಮಗಳನ್ನು ಮದುವೆಯಾದ ರಂಗಸ್ವಾಮಿ ಸೋಲಿಗರಿಗೆ ದೇವರಷ್ಟೇ ಅಲ್ಲ, ಭಾವ. ಗೊರುಕನದಲ್ಲಿ ಹಾಡಿಗೂ ಕುಣಿತಕ್ಕೂ ನಡುವೆ ಗೆರೆಯಿಲ್ಲ. ವೇದಿಕೆಗೂ ಪ್ರೇಕ್ಷಕರಿಗೂ ಇಲ್ಲ. ಅದೇ ಯಳಂದೂರಿನ ಸಂಚಿ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದುಕೊಂಡು ‘ಹದಿಬದೆಯ ಧರ್ಮ’ವನ್ನು ಬರೆದದ್ದು ಹಾಡಿಕೊಳ್ಳಲು ಒದಗುವ ಸಾಂಗತ್ಯದಲ್ಲಿ. ಹೀಗೆ ಮೂರು ತಾಲ್ಲೂಕುಗಳ ನಡುವೆಯೇ ಕಂಸಾಳೆ, ತಂಬೂರಿ, ಗೊರುಕನ, ಸಾಂಗತ್ಯ ಎಂಬ ನಾಲ್ಕು ಹೆಸರು, ನಾಲ್ಕು ಬಗೆಯ ಹಾಡುಗಾರರು.

ವಿದ್ವಾಂಸರ ಹೆಸರು, ಕಂಪನಿಯ ಹೆಸರು

ಈ ಪದಗಳಿಗೆ ಹೊರಗಿನಿಂದ ಮೊದಲು ಹೆಸರು ಕೊಟ್ಟವರು ವಿದ್ವಾಂಸರು. ಜೀ.ಶಂ. ಪರಮಶಿವಯ್ಯನವರ ಗ್ರಂಥದ ಹೆಸರೇ ‘ದಕ್ಷಿಣ ಕರ್ನಾಟಕದ ಜನಪದ ಕಾವ್ಯಪ್ರಕಾರಗಳು’. ಪಿ.ಕೆ. ರಾಜಶೇಖರ ಅವರು ಮಾದಪ್ಪನ ಕಥೆಯನ್ನು 1973ರಲ್ಲಿ ‘ಜನಪದ ಮಹಾಕಾವ್ಯ’ವೆಂದು ಕರೆದು ಅಚ್ಚಿಗೆ ತಂದರು. ಭಿಕ್ಷೆಯವರ ಹಾಡು ಎಂದು ಮೂಗು ಮುರಿಯುತ್ತಿದ್ದವರ ಎದುರು ಆ ಹೆಸರಿಗೆ ದೊಡ್ಡ ತೂಕವಿತ್ತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠ ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅವರ ಅನುವಾದದಲ್ಲಿ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೆ ಹೋದಾಗ ಹಾಡಿದವರ ಹೆಸರು ಪುಸ್ತಕದ ಶೀರ್ಷಿಕೆಯಲ್ಲೇ ಉಳಿಯಿತು. ಈ ಒಂದು ಸಂಗತಿಯನ್ನು ಮುಂದಿನ ಮಾತುಗಳಿಗಾಗಿ ನೆನಪಿನಲ್ಲಿಟ್ಟುಕೊಳ್ಳಬೇಕು.

ಆಕಾಶವಾಣಿಯ ವಿಂಗಡಣೆ ಬೇರೆ: ಶಾಸ್ತ್ರೀಯ, ಸುಗಮ ಸಂಗೀತ, ಜಾನಪದ. ಒಂದೊಂದಕ್ಕೂ ಪ್ರತ್ಯೇಕ ಧ್ವನಿಪರೀಕ್ಷೆ, ಪ್ರತ್ಯೇಕ ಶ್ರೇಣಿ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ‘ಭಾವಗೀತೆ’ ಎನ್ನುವುದು ಅಂಗಡಿಯಲ್ಲಿ ಕೇಳಿ ಕೊಳ್ಳುವ ಸರಕಾಯಿತು. ಆ ಹಾದಿಯಲ್ಲೇ ಮಾದಪ್ಪನ ಪದಗಳೂ ಕ್ಯಾಸೆಟ್ಟಿಗೆ ಬಂದವು. ಇಡೀ ಇರುಳಿನ ಸಾಲು ಒಂದು ಬದಿಗೆ ಅರ್ಧ ಗಂಟೆಯಂತೆ ತುಂಡಾಯಿತು, ಮೇಲಿನ ಚೀಟಿಯಲ್ಲಿ ‘ಜಾನಪದ ಭಕ್ತಿಗೀತೆಗಳು’ ಎಂದಾಯಿತು. ವಿದ್ವಾಂಸರಿಗೆ ಅದು ಕಾವ್ಯ, ಕಂಪನಿಗೆ ಭಕ್ತಿಗೀತೆ. ಎರಡೂ ಸುಳ್ಳಲ್ಲ. ಮಳವಳ್ಳಿ ಮಹದೇವಸ್ವಾಮಿಯವರಂಥ ಹಾಡುಗಾರರ ದನಿ ಟೀ ಅಂಗಡಿ, ಲಾರಿ, ಟೆಂಪೊಗಳಲ್ಲಿ ಮನೆಮಾತಾದದ್ದು ಇದೇ ಕ್ಯಾಸೆಟ್ಟುಗಳಿಂದ.

1996ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶನದ, ವಿ. ಮನೋಹರ್ ಸಂಗೀತದ ‘ಜನುಮದ ಜೋಡಿ’ ತೆರೆಗೆ ಬಂತು. ಕೋರಣ್ಯಕ್ಕೆ ಬಂದ ಜಂಗಮನ ಪದ ಅದರಲ್ಲಿ ‘ಕೋಲುಮಂಡೆ’ಯಾಗಿ ಸೇರಿತು. ಅದನ್ನು ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ಕಂಸಾಳೆ ಪದ ಈಗ ‘ಚಿತ್ರಗೀತೆ’. ಯಾರೂ ಜಗಳ ತೆಗೆಯಲಿಲ್ಲ. ಇದೇ ಪದ 24 ವರ್ಷಗಳ ನಂತರ ಇನ್ನೊಂದು ಹಣೆಪಟ್ಟಿಯಲ್ಲಿ ಬಂದಾಗ ನಡೆದದ್ದೇ ಬೇರೆ.

ಮೂರು ಖಾನೆ, ಒಂದು ಮೆಮೊರಿ ಕಾರ್ಡು

2003ರಲ್ಲಿ ಶುರುವಾದ ಮೈಸ್ಪೇಸ್‌ನಲ್ಲಿ ಬ್ಯಾಂಡೊಂದು ತನ್ನ ಪುಟ ತೆರೆದರೆ ಪ್ರಕಾರ ಆರಿಸಲು ಮೂರು ಖಾನೆಗಳಿದ್ದವು. ರಾಕ್, ಫೋಕ್, ಇಂಡಿ ಎಂದು ಆರಿಸಿಕೊಳ್ಳುವುದು ಕಲಾವಿದರದೇ ಕೆಲಸ. 2004ರ ಆರ್ಕುಟ್‌ನಲ್ಲಿ ಬೆಂಗಳೂರು, ಮೈಸೂರಿನ ಕಾಲೇಜು ಹುಡುಗರು ತಮಗಿಷ್ಟವಾದ ಸಂಗೀತದ ಹೆಸರಿನ ಕೂಟಗಳಿಗೆ ಸೇರಿಕೊಂಡರು. ಆ ಕಾಲದಲ್ಲಿ ಪ್ರಕಾರದ ಹೆಸರು ‘ನಾನು ಇಂಥವನು’ ಎಂದು ಎದೆಗೆ ಅಂಟಿಸಿಕೊಳ್ಳುವ ಬಿಲ್ಲೆ. ಮೆಟಲ್ ಕೇಳುವವನು ರೀಮಿಕ್ಸ್ ಕೇಳುವವನನ್ನು ಹೀಗಳೆಯುತ್ತಿದ್ದ. ಇಬ್ಬರೂ ಸೇರಿ ಜಾನಪದವನ್ನು ‘ಓಲ್ಡ್’ ಎನ್ನುತ್ತಿದ್ದರು.

ಆ ಹೊತ್ತಿಗೆ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಹೊಂದಿಸಿದರು. 2008ರಲ್ಲಿ ಅವರ ಮೊದಲ ಆಲ್ಬಂ ಬಂದಾಗ ಇಲ್ಲಿ ಅದು ‘ಫೋಕ್ ರಾಕ್’. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ ಪಡೆಯುವ ಹೊತ್ತಿಗೆ ‘ವರ್ಲ್ಡ್ ಮ್ಯೂಸಿಕ್’. ಈ ‘ವರ್ಲ್ಡ್ ಮ್ಯೂಸಿಕ್’ ಹುಟ್ಟಿದ್ದು 1987ರಲ್ಲಿ, ಲಂಡನ್ನಿನ ಒಂದು ಪಬ್ಬಿನಲ್ಲಿ. ಆಫ್ರಿಕಾ, ಏಷ್ಯಾದ ಧ್ವನಿಮುದ್ರಿಕೆಗಳನ್ನು ಅಂಗಡಿಯ ಯಾವ ಕಪಾಟಿನಲ್ಲಿ ಇಡುವುದೆಂದು ತಲೆ ಕೆಡಿಸಿಕೊಂಡಿದ್ದ ಸಣ್ಣ ಕಂಪನಿಗಳವರು ಕೂತು ಮಾತಾಡಿ ಇಟ್ಟ ಹೆಸರು. ಗ್ರ್ಯಾಮಿ ಪ್ರಶಸ್ತಿಯವರು 2020ರಲ್ಲಿ ಅದನ್ನು ಕೈಬಿಟ್ಟು ‘ಗ್ಲೋಬಲ್ ಮ್ಯೂಸಿಕ್’ ಎಂದು ಬದಲಾಯಿಸಿದರು. ಅದಕ್ಕೂ ಹಿಂದೆ, 1949ರಲ್ಲಿ, ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಕರಿಯರ ಸಂಗೀತಕ್ಕಿದ್ದ ‘ರೇಸ್ ರೆಕಾರ್ಡ್ಸ್’ ಎಂಬ ಹೆಸರನ್ನು ಕಿತ್ತು ‘ರಿದಮ್ ಆ್ಯಂಡ್ ಬ್ಲೂಸ್’ ಎಂದು ಹಾಕಿತ್ತು. ಹೆಸರು ಬದಲಾಯಿಸುವ ಅಧಿಕಾರ ಅಂಗಡಿಯವನ, ಪತ್ರಿಕೆಯವನ, ಪ್ರಶಸ್ತಿ ಕೊಡುವವನ ಕೈಯಲ್ಲಿ ಇದ್ದುದಕ್ಕೆ ಇವೆಲ್ಲ ಸಾಕ್ಷಿ.

ಕೊಳ್ಳೇಗಾಲದಂಥ ಊರಿನಲ್ಲಿ ಆ ದಿನಗಳ ನಿಜವಾದ ಹಂಚಿಕೆ ನಡೆದದ್ದು ಮೊಬೈಲ್ ಅಂಗಡಿಯಲ್ಲಿ. ಕೀಪ್ಯಾಡ್ ಫೋನಿನ ಹಿಂಬದಿ ಬಿಚ್ಚಿ, ಉಗುರಿನಷ್ಟಗಲದ ಮೆಮೊರಿ ಕಾರ್ಡ್ ತೆಗೆದುಕೊಟ್ಟರೆ ಅಂಗಡಿಯ ಹುಡುಗ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಹಾಡು ತುಂಬಿಸಿಕೊಡುತ್ತಿದ್ದ. ಏನು ಬೇಕು ಎಂದು ಅವನು ಕೇಳುತ್ತಿದ್ದದ್ದು ಫೋಲ್ಡರಿನ ಹೆಸರಿನಲ್ಲಿ: ರಾಜಣ್ಣನ ಹಳೇದು, ಫೀಲಿಂಗ್, ಡಿಜೆ, ಮಾದಪ್ಪ. ವಿಶ್ವವಿದ್ಯಾನಿಲಯದ ಪ್ರಕಾರವೂ ಇಲ್ಲ, ಕಂಪನಿಯ ವರ್ಗವೂ ಇಲ್ಲ. ನಟನ ಹೆಸರು, ಮನಸ್ಸಿನ ಸ್ಥಿತಿ, ಸದ್ದಿನ ಬಗೆ, ದೇವರು, ಈ ನಾಲ್ಕನ್ನೂ ಸಮಸಮವಾಗಿ ಒಂದೇ ಪರದೆಯ ಮೇಲೆ ಜೋಡಿಸಿದ ಮೊದಲಿಗ ಆ ಅಂಗಡಿಯ ಹುಡುಗ. ಇವತ್ತಿನ ಆ್ಯಪುಗಳು ಮಾಡುತ್ತಿರುವುದು ಬಹುಮಟ್ಟಿಗೆ ಅದನ್ನೇ.

ಮೂವತ್ತು ಸೆಕೆಂಡಿನ ಪ್ರಕಾರ

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಬೆಟ್ಟದ ತಪ್ಪಲಿನಲ್ಲಿ ಸಿಗ್ನಲ್ ಸಿಕ್ಕಷ್ಟು ದೂರವೂ ಹಾಡು ಕಾರ್ಡಿನಿಂದ ಯೂಟ್ಯೂಬಿಗೆ ಸಾಗಿತು. 2017ರ ಫೆಬ್ರುವರಿಯಲ್ಲಿ ವಾಟ್ಸಾಪ್ ತನ್ನ ‘ಸ್ಟೇಟಸ್’ ತಂದಿತು. ವಿಡಿಯೊಗೆ ಆಗ ಮೂವತ್ತು ಸೆಕೆಂಡಿನ ಮಿತಿಯಿತ್ತು. ಅಲ್ಲಿಂದ ‘ಸ್ಟೇಟಸ್ ಸಾಂಗ್’ ಎಂಬ ಪ್ರಕಾರವೇ ಹುಟ್ಟಿತು. ಇರುಳಿಡೀ ಸಾಗುವ ಸಾಲು ಕ್ಯಾಸೆಟ್ಟಿನಲ್ಲಿ ಅರ್ಧ ಗಂಟೆಗೆ, ಸಿನಿಮಾದಲ್ಲಿ ಐದಾರು ನಿಮಿಷಕ್ಕೆ ಇಳಿದಿತ್ತು. ಸ್ಟೇಟಸ್ಸಿನಲ್ಲಿ ಅದು ಮೂವತ್ತು ಸೆಕೆಂಡಾಯಿತು.

2019ರ ಫೆಬ್ರುವರಿಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು. ಅದರ ದತ್ತಾಂಶವನ್ನು ಹಿಡಿದು ಗ್ಲೆನ್ ಮೆಕ್‌ಡೊನಾಲ್ಡ್ ಎಂಬ ತಂತ್ರಜ್ಞ ರೂಪಿಸಿದ ನಕ್ಷೆಯಲ್ಲಿ 6,000ಕ್ಕೂ ಹೆಚ್ಚು ಪ್ರಕಾರಗಳ ಹೆಸರುಗಳಿದ್ದವು. ಯಾರು ಯಾರನ್ನು ಒಟ್ಟಿಗೆ ಕೇಳುತ್ತಾರೆ ಎಂಬ ಲೆಕ್ಕದಿಂದ ಹುಟ್ಟಿದ ಗುಂಪುಗಳು ಅವು. ಆ ಹೆಸರನ್ನು ಸ್ವತಃ ಹಾಡುವವರೇ ಕೇಳಿರಬೇಕೆಂದೇನೂ ಇರಲಿಲ್ಲ. 2023ರ ಕೊನೆಯಲ್ಲಿ ಸ್ಪಾಟಿಫೈ ಮೆಕ್‌ಡೊನಾಲ್ಡ್ ಅವರನ್ನು ಕೆಲಸದಿಂದ ತೆಗೆದಾಗ ನಕ್ಷೆಯೂ ನಿಂತಲ್ಲೇ ನಿಂತಿತು. ಈಗಿನ ಆ್ಯಪುಗಳ ಮುಖಪುಟದಲ್ಲಿ ಕಾಣುವುದು ಬೇರೆ ಬಗೆಯ ಪಟ್ಟಿ: ಓದುವಾಗ, ಜಿಮ್ಮಿಗೆ, ಲಾಂಗ್ ಡ್ರೈವ್, ಬ್ರೇಕಪ್, ನಿದ್ದೆಗೆ.

‘ಸೋಜುಗಾದ ಸೂಜು ಮಲ್ಲಿಗೆ’ಯ ಪಯಣ ಈ ಕಾಲದ್ದು. ಕೊಯಮತ್ತೂರಿನ ಈಶ ಫೌಂಡೇಷನ್ನಿನ ಶಿವರಾತ್ರಿ ವೇದಿಕೆಯಲ್ಲಿ ಅನನ್ಯಾ ಭಟ್ ಹಾಡಿದ ಮೇಲೆ ಕನ್ನಡ ಬಾರದವರೂ ಅದನ್ನು ಕಲಿತರು. ಕೊಳ್ಳೇಗಾಲವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಸೀಮೆಯ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು ಎನ್ನುವುದು ಇಲ್ಲಿ ನೆನಪಾಗಬೇಕು. ತಮಿಳು ಮಾತಾಡುವ ಒಕ್ಕಲೂ ಮಾದಪ್ಪನಿಗೆ ಮೊದಲಿನಿಂದ ಇದೆ. ಈಶದಲ್ಲಿ ಹಾಡನ್ನು ಕೇಳಿದವರಿಗೆ ಅದು ಧ್ಯಾನದ ಸಂಗೀತ. 2021ರಲ್ಲಿ ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ ಬಂತು. ಮಂಗಳೂರಿನ ರೌಡಿಯೊಬ್ಬ ಹುಲಿವೇಷದ ಹೆಜ್ಜೆ ಹಾಕುವ ದೃಶ್ಯಕ್ಕೆ ಮಿಧುನ್ ಮುಕುಂದನ್ ಅವರ ಸಂಗೀತದಲ್ಲಿ, ಚೈತ್ರಾ ಜೆ. ಆಚಾರ್ ಅವರ ದನಿಯಲ್ಲಿ ಇದೇ ಪದ. ಕರಾವಳಿಯ ಕುಣಿತಕ್ಕೆ ಬೆಟ್ಟದ ಪದ, ಕೊಲೆಯ ಬೆನ್ನಿಗೆ ಮಲ್ಲಿಗೆ. ಚಿತ್ರಮಂದಿರದಿಂದ ಹೊರಬಂದವರ ಫೋನಿನಲ್ಲಿ ಅದು ‘ಮಾಸ್ ಬಿಜಿಎಂ’.

ಆಮೇಲೆ ಬಂತು ಸ್ಲೋಡ್ ಆ್ಯಂಡ್ ರಿವರ್ಬ್. ಹಾಡಿನ ವೇಗ ತಗ್ಗಿಸಿ, ದನಿಗೆ ಗುಹೆಯೊಳಗಿನಂಥ ಗುಂಗು ಕೊಡುವ ಈ ವಿದ್ಯೆಯ ಬೇರು 1990ರ ದಶಕದ ಹ್ಯೂಸ್ಟನ್ ನಗರದ ಡಿಜೆ ಸ್ಕ್ರೂ ಎಂಬಾತನ ಕ್ಯಾಸೆಟ್ಟುಗಳಲ್ಲಿದೆ. ಅಮೆರಿಕದ ಕರಿಯರ ಬಡಾವಣೆಯ ಕೈಚಳಕ ಹನೂರಿನ ಹುಡುಗನ ಇಯರ್‌ಫೋನಿನಲ್ಲಿ ಮಾದಪ್ಪನ ಪದಕ್ಕೆ ಅಂಟಿಕೊಂಡಿತು. ಇದರಲ್ಲಿ ಕೊರಗುವಂಥದ್ದೇನಿಲ್ಲ. ಪದ ಯಾವತ್ತೂ ನಡೆದಾಡಿಕೊಂಡೇ ಬದುಕಿದ್ದು.

ಕೋಲುಮಂಡೆಯ ಗಲಾಟೆ

ಆದರೆ ಹಳೆಯ ಹೆಸರುಗಳಿಗೆ ಇನ್ನೂ ಜೀವವಿದೆ ಎಂಬುದು 2020ರಲ್ಲಿ ತಿಳಿಯಿತು. ‘3 ಪೆಗ್’ ಹಾಡಿನಿಂದ ಮನೆಮಾತಾಗಿದ್ದ ರ್‍ಯಾಪರ್ ಚಂದನ್ ಶೆಟ್ಟಿ ಆ ವರ್ಷದ ಗಣೇಶ ಹಬ್ಬದ ಹೊತ್ತಿಗೆ ‘ಕೋಲುಮಂಡೆ’ಯನ್ನು ರ್‍ಯಾಪ್ ಮಾಡಿ ಯೂಟ್ಯೂಬಿಗೆ ಬಿಟ್ಟರು. ವಿಡಿಯೊದಲ್ಲಿ ಶಿವಶರಣೆ ಸಂಕಮ್ಮನನ್ನು ತೋರಿಸಿದ ರೀತಿ ಮಾದಪ್ಪನ ಒಕ್ಕಲನ್ನು ಕೆರಳಿಸಿತು. ಪ್ರತಿಭಟನೆ ಜೋರಾಯಿತು; ಹಾಡನ್ನು ಯೂಟ್ಯೂಬಿನಿಂದ ತೆಗೆಯಲಾಯಿತು, ಶೆಟ್ಟರು ಕ್ಷಮೆ ಕೇಳಿದರು.

1996ರಲ್ಲಿ ಇಲ್ಲದ ಸಿಟ್ಟು 2020ರಲ್ಲಿ ಏಕೆ? ರ್‍ಯಾಪ್ ಎಂಬ ಪ್ರಕಾರದ ಮೇಲಿನ ಮುನಿಸು ಎಂದರೆ ಅರ್ಧ ಉತ್ತರವಾದೀತು. ಜಾತ್ರೆಯ ಟೆಂಪೊಗಳಲ್ಲಿ ಡಿಜೆ ಬಡಿತಕ್ಕೆ ಕೂಡಿಸಿದ ಮಾದಪ್ಪನ ಹಾಡುಗಳಿಗೆ ಅದೇ ಒಕ್ಕಲು ಕುಣಿಯುತ್ತದೆ. ಸಿಟ್ಟು ಬಂದದ್ದು ಸಂಕಮ್ಮನ ಸಾಲಿನ ಒಳಗಿನಿಂದ. ಆ ಸಾಲಿನಲ್ಲಿ ಗಂಡ ನೀಲೇಗೌಡ ಜೇನು ಬೇಟೆಗೆ ಹೊರಡುವ ಮುನ್ನ ಆಣೆ ಇಡು ಎಂದು ಹೆಂಡತಿಯನ್ನು ಪೀಡಿಸುತ್ತಾನೆ. ಒಪ್ಪದ ಸಂಕಮ್ಮ ಹಿಂಸೆ ಅನುಭವಿಸುತ್ತಾಳೆ. ಜಂಗಮನಾಗಿ ಬಂದ ಮಾದಪ್ಪ ಆಕೆಯನ್ನು ಕಾಯುತ್ತಾನೆ, ಮಕ್ಕಳ ವರ ಕೊಡುತ್ತಾನೆ. ಆಣೆ ಇಡದ ಹೆಣ್ಣಿನ ಕಥೆಯಾಗಿ ಅದನ್ನು ಇರುಳಿಡೀ ಕೇಳಿ ಬೆಳೆದವರಿಗೆ ಆಕೆ ಐಟಂ ಸಾಂಗಿನ ಬೆಡಗಿಯಂತೆ ಕಂಡದ್ದನ್ನು ಸಹಿಸಲಾಗಲಿಲ್ಲ. ಹೊಸ ಹಣೆಪಟ್ಟಿಗೆ ಕಥೆಯ ಹಂಗಿರಲಿಲ್ಲ. ಹಳೆಯದಕ್ಕೆ ಇತ್ತು.

ಹೀಗೆ ಹೆಸರಿಗಾಗಿ ಜಗಳವಾಡಿದವರು ನಾವೊಬ್ಬರೇ ಅಲ್ಲ. 2019ರ ಮಾರ್ಚಿನಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಲಿಲ್ ನಾಸ್ ಎಕ್ಸ್ ಎಂಬ ಕರಿಯ ಯುವಕನ ‘ಓಲ್ಡ್ ಟೌನ್ ರೋಡ್’ ಹಾಡನ್ನು ‘ಕಂಟ್ರಿ’ ಪಟ್ಟಿಯಿಂದ ಕಿತ್ತುಹಾಕಿತು. ಇದು ಸಾಕಷ್ಟು ಕಂಟ್ರಿ ಅಲ್ಲ ಎಂಬ ಕಾರಣಕ್ಕೆ. ಟಿಕ್‌ಟಾಕ್‌ನಲ್ಲಿ ಹಬ್ಬಿದ ಆ ಹಾಡು ಅದೇ ಪತ್ರಿಕೆಯ ಮುಖ್ಯ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ಕೂತಿತು. ಅಲ್ಲಿ ಪಟ್ಟಿ ಕಾಯುವವರು ಹಾಡುಗಾರನನ್ನು ಹೊರಗೆ ಹಾಕಿದರು, ಕೇಳುಗರು ಗೆಲ್ಲಿಸಿದರು. ಇಲ್ಲಿ ಕೇಳುಗರ ಒಂದು ಸಮುದಾಯವೇ ಪದದ ಕಾವಲಿಗೆ ನಿಂತಿತು.

ಬೀಸುವ ಪದ, ಜಿಮ್ಮಿನ ಪದ

‘ಜಾನಪದ’ ಎಂಬ ಹಣೆಪಟ್ಟಿಯೂ ಈಗ ಮೊದಲಿನದಲ್ಲ. ಫೋನಿನಲ್ಲಿ ‘ಜಾನಪದ ಸಾಂಗ್’ ಎಂದು ಹುಡುಕಿದರೆ ಹೆಚ್ಚಾಗಿ ಎದುರಾಗುವುದು ಉತ್ತರ ಕರ್ನಾಟಕದ ಹೊಸ ಹಾಡುಗಳು: ಮಾಳು ನಿಪನಾಳ ಅವರ ‘ನಾ ಡ್ರೈವರಾ’ದಂಥವು. ಬರೆದವರು, ಹಾಡಿದವರು ಇಂಥವರೇ ಎಂದು ಗೊತ್ತಿದೆ. ಟ್ರ್ಯಾಕ್ಟರು, ಡ್ರೈವರು, ಪ್ರೀತಿ, ಆಟೊಟ್ಯೂನ್ ಎಲ್ಲ ಇದೆ. ಜೀ.ಶಂ.ಪ. ಅವರ ಅರ್ಥದಲ್ಲಿ ಇದು ಜಾನಪದವಲ್ಲ. ಕೇಳುವವರ ಅರ್ಥದಲ್ಲಿ ಅಪ್ಪಟ ಜಾನಪದ. ಹಳ್ಳಿಯ ಮಾತು, ಹಳ್ಳಿಯ ಹುಡುಗನ ಕೆಲಸ ಹಾಡಾದರೆ ಅದಕ್ಕೆ ಬೇರೆ ಹೆಸರು ಅವರಿಗೆ ಬೇಕಿಲ್ಲ.

ಒಂದು ಅರ್ಥದಲ್ಲಿ ಇಂದಿನ ಪಟ್ಟಿ ಹಳೆಯದರ ಹತ್ತಿರಕ್ಕೇ ಬಂದಿದೆ. ಬೀಸುವ ಪದ, ನಾಟಿ ಪದ, ಸೋಬಾನೆ ಪದ, ಇವೆಲ್ಲ ಕೆಲಸದಿಂದ, ಸಂದರ್ಭದಿಂದ ಹೆಸರು ಪಡೆದವು. ಜಿಮ್ ಸಾಂಗು, ಲಾಂಗ್ ಡ್ರೈವ್ ಸಾಂಗು ಕೂಡ ಹಾಗೇ. ರಾಗ, ತಾಳ, ಕಂಪನಿ, ಕಪಾಟುಗಳ ಲೆಕ್ಕ ಬಂದು ಹೋದ ಮೇಲೆ ಜನ ಮತ್ತೆ ಬಳಕೆಯಿಂದಲೇ ಹಾಡನ್ನು ಗುರುತಿಸುತ್ತಿದ್ದಾರೆ. ವ್ಯತ್ಯಾಸ ಒಂದೇ ಕಡೆ: ಬೀಸುವ ಪದದಲ್ಲಿ ರಾಗಿ ಬೀಸುವವಳೇ ಹಾಡುವವಳು. ಜಿಮ್ಮಿನ ಪಟ್ಟಿಯಲ್ಲಿ ಬೆವರು ಒಬ್ಬನದು, ಹಾಡು ಇನ್ನೊಬ್ಬನದು. ಆ ಇನ್ನೊಬ್ಬ ಯಾರು ಎಂದು ಹೇಳುವ ಹೊಣೆ ಹೆಸರಿನಿಂದ ಕಳಚಿಹೋಗಿದೆ.

ಇದರಿಂದ ಕಾಸಿನ ನಷ್ಟವೂ ಇದೆ. ಪರಂಪರೆಯಿಂದ ಬಂದ ಪದಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಒಂದು ಕಂಪನಿ ಮಾಡಿಸಿದ ಧ್ವನಿಮುದ್ರಣಕ್ಕೆ 1957ರ ಕಾಯ್ದೆಯಂತೆ 60 ವರ್ಷಗಳ ಹಕ್ಕು. ವಿಡಿಯೊದ ಕೆಳಗೆ ‘ಸಾಹಿತ್ಯ: ಜಾನಪದ’ ಎಂದು ಬರೆದರೆ ಸಂಭಾವನೆ ಸಲ್ಲಬೇಕಾದ ಖಾನೆ ಖಾಲಿ ಬಿಟ್ಟಂತೆ. ಆ ಸಾಲನ್ನು ತಲೆಯಲ್ಲಿಟ್ಟುಕೊಂಡು ಕಾದ ದೇವರಗುಡ್ಡನಿಗಾಗಲಿ, ನೀಲಗಾರನಿಗಾಗಲಿ ಆ ಪುಟದಲ್ಲಿ ಜಾಗವಿಲ್ಲ.

ಜಾಗ ಮಾಡಿಕೊಡುವುದು ಕಷ್ಟದ ಕೆಲಸವೇನಲ್ಲ. ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರ ಕೊಡುತ್ತದೆ, ವಿವರಣೆಗೆ 5,000. ಲೋಫೈ, ಡಿಜೆ, ಸ್ಟೇಟಸ್ ಎಂಬುವು ಶೀರ್ಷಿಕೆಯ 100ರಲ್ಲಿ ಇರಲಿ; ಹುಡುಕುವವರಿಗೆ ಸಿಗಬೇಕಲ್ಲ. ಉಳಿದ 5,000ದಲ್ಲಿ ಸಾಲಿನ ಹೆಸರು, ಹಾಡಿದವರ ಹೆಸರು ಮತ್ತು ಊರು, ಯಾರ ಹತ್ತಿರ ಕಲಿತರು, ಹಿಮ್ಮೇಳದವರು ಯಾರು, ಯಾವ ಜಾತ್ರೆಯಲ್ಲಿ ಅಥವಾ ಯಾರ ಮನೆಯಂಗಳದಲ್ಲಿ ಹಾಡಿದ್ದು, ಇಷ್ಟೂ ಹಿಡಿಸುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳ ಕೈಯಲ್ಲಿ ಫೋನಿದೆ, ಚಿಕ್ಕಲ್ಲೂರು ಜಾತ್ರೆ ವರ್ಷವರ್ಷವೂ ಬರುತ್ತದೆ. ಹಾಡುವವರ ಒಪ್ಪಿಗೆ ಪಡೆದು, ಅವರು ಬೇಡವೆಂದ ಭಾಗವನ್ನು ಬಿಟ್ಟು, ಪೂರ್ತಿ ಸಾಲನ್ನು ದಾಖಲಿಸಿದರೆ ಮುಂದೆ ಯಾರು ರೀಮಿಕ್ಸ್ ಮಾಡಿದರೂ ಮೂಲ ಎಲ್ಲಿದೆ ಎಂದು ತೋರಿಸಲು ಒಂದು ಕೊಂಡಿ ಇರುತ್ತದೆ. ಮೊದಲಿಗೆ ಸಂಕಮ್ಮನ ಸಾಲನ್ನೇ ಎತ್ತಿಕೊಳ್ಳಬಹುದು. 2020ರಲ್ಲಿ ಆಕೆಯ ಹೆಸರನ್ನು ಮೊದಲ ಬಾರಿಗೆ ರ್‍ಯಾಪಿನ ಗಲಾಟೆಯಿಂದ ಕೇಳಿದ ಹುಡುಗ ಹುಡುಗಿಯರು ಮೈಸೂರು, ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಆಣೆ ಇಡುವುದಿಲ್ಲ ಎಂದ ಹೆಣ್ಣಿನ ಇಡೀ ಇರುಳಿನ ಕಥೆ ಅವರ ಫೋನಿಗೂ ಸಿಗಲಿ, ಹಾಡಿದವರ ಹೆಸರಿನ ಜೊತೆಗೆ.